ನನ್ನ ಕನಸಿಗೆ ಬಾರದ ಅಪ್ಪ

ಅಪ್ಪ ತೀರಿಕೊಂಡು ಇಪ್ಪತ್ತು ದಿನವೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಅವ್ವ ಚಹಾದ ಕಪ್ಪನ್ನು ನನ್ನ ಮುಂದಿಟ್ಟು, ತಾನೂ ಎದುರಿಗೆ ಕುಳಿತು ಹೇಳಿದಳು:

"ನಿನ್ನಿ ರಾತ್ರಿ ಬಂದಿದ್ರು ತಮ್ಮಾ."

"ಯಾರು ಬಂದಿದ್ರು?"

"ಇನ್ಯಾರು, ನಿಮ್ಮಪ್ಪ. ಕನಸಿನಾಗ. ಬಿಳಿ ಅಂಗಿ ಹಾಕ್ಕೊಂಡಿದ್ರು. ಬಾಗಲದಾಗ ನಿಂತು ನೋಡಿದ್ರು. ಏನೂ ಮಾತಾಡಲಿಲ್ಲ. ಹೊಳ್ಳಿ ಹೋಗಿಬಿಟ್ರು."

ಅವಳ ಕಣ್ಣು ತುಂಬಿತ್ತು, ಮುಖದಲ್ಲಿ ಮಾತ್ರ ಏನೋ ಒಂದು ತೃಪ್ತಿ. ನಾನು "ಹೌದಾ ಅವ್ವಾ" ಎಂದು ಚಹಾ ಕುಡಿದೆ. ಒಳ್ಳೆಯದಾಯಿತು, ಪಾಪ, ಅವಳಿಗೆ ಸಮಾಧಾನವಾಯಿತಲ್ಲ ಎಂದುಕೊಂಡೆ. ಆದರೆ ಸ್ನಾನ ಮಾಡುವಾಗ ಒಂದು ಸಣ್ಣ ಮುಳ್ಳು ಚುಚ್ಚಿದ ಹಾಗಾಯಿತು. ಅದೇ ಮನೆಯಲ್ಲಿ, ಅದೇ ರಾತ್ರಿ, ಒಂದೇ ಗೋಡೆಯ ಆಚೆ ನಾನೂ ಮಲಗಿದ್ದೆ. ಬಾಗಿಲವರೆಗೆ ಬಂದವರು ನನ್ನ ಕೋಣೆಗೆ ಯಾಕೆ ಬರಲಿಲ್ಲ?

ಮೂರು ದಿನ ಕಳೆದ ಮೇಲೆ ಶಹರದ ಇನ್ನೊಂದು ತುದಿಯ ಗಚ್ಚಿಬೌಲಿಯಿಂದ ತಂಗಿಯ ಫೋನ್ ಬಂತು. ನಾನಿನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ.

"ಅಣ್ಣಾ, ಬೆಳಗಿನ ಜಾವ ಅಪ್ಪ ಬಂದಿದ್ರು! ಎಷ್ಟು ಮಾತಾಡಿದ್ರು ಅಂತೀ! ನಕ್ಕೋತ ಕುಂತಿದ್ರು."

"ಏನಂದ್ರು?"

"'ನಡಿಯವ್ವಾ, ಅಬಿಡ್ಸಿಗೆ ಹೋಗೋಣು, ಸ್ಕೂಟರ್ ತಗೀತೀನಿ' ಅಂದ್ರು. ದನಿ ಹಂಗ ಇತ್ತು ಅಣ್ಣಾ, ಮೊದಲಿನಂಗ."

ಫೋನ್ ಇಟ್ಟ ಮೇಲೆ ನಾನು ಬಹಳ ಹೊತ್ತು ಫ್ಯಾನು ನೋಡುತ್ತ ಬಿದ್ದುಕೊಂಡಿದ್ದೆ. ಅಪ್ಪನ ದನಿ! ಎರಡೂವರೆ ವರ್ಷದಿಂದ ಆ ದನಿಯನ್ನು ನಾನು ಕೇಳಿರಲಿಲ್ಲ. ಲಕ್ವಾ ಹೊಡೆದ ದಿನವೇ ಬಲಗಡೆಯ ಕೈಕಾಲಿನ ಜೊತೆ ಅದೂ ಹೋಗಿತ್ತು. ಉಳಿದದ್ದು ಒಂದೇ ಒಂದು ಶಬ್ದ: "ಸಾಕು." ನೀರು ಬೇಕಾದರೂ ಸಾಕು, ದೀಪ ಆರಿಸಬೇಕಾದರೂ ಸಾಕು, ನೋವಾದರೂ ಸಾಕು. ಯಾವ ಸಾಕು ಯಾವುದಕ್ಕೆ ಎಂದು ತಿಳಿಯಲು ನನಗೆ ಮೂರು ತಿಂಗಳು ಬೇಕಾಗಿತ್ತು. ಕಡೆಕಡೆಗೆ ಆ ಭಾಷೆ ಗೊತ್ತಿದ್ದವನು ಮನೆಯಲ್ಲಿ ನಾನೊಬ್ಬನೇ.

ನಮ್ಮ ಮನೆ ಕಾಚಿಗುಡದಲ್ಲಿದೆ. ಕಲಬುರಗಿ ಕಡೆಯಿಂದ ಅಜ್ಜನ ಕಾಲಕ್ಕೇ ಬಂದು ನಿಂತ ಮನೆತನ. ಅಪ್ಪ ಸರಕಾರದ ಭೂಮಿ ಕಾಗದಪತ್ರಗಳ ಕಚೇರಿಯಲ್ಲಿ ಹಳೆಯ ಉರ್ದು ದಾಖಲೆಗಳನ್ನು ಓದಿ ಅರ್ಥ ಹೇಳುವ ಕೆಲಸದಲ್ಲಿದ್ದರು. ಶಾಲೆಯಲ್ಲಿ ಕಲಿತದ್ದು ಉರ್ದು, ಕಚೇರಿಯಲ್ಲಿ ಕಲಿತದ್ದು ತೆಲುಗು, ಮನೆಯಲ್ಲಿ ಕನ್ನಡ. ಸಿಟ್ಟು ಬಂದರೆ ಮಾತ್ರ ಉರ್ದು. ನಾನು ನಾಚಾರಂನಲ್ಲಿ ಔಷಧಿ ಬಾಟಲಿಗಳ ಮುಚ್ಚಳ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಮಧ್ಯಾಹ್ನದ ಪಾಳಿ ಮುಗಿಸಿ ಮನೆ ಮುಟ್ಟುವಾಗ ರಾತ್ರಿ ಹನ್ನೊಂದೂವರೆ. ಎಲ್ಲರೂ ಮಲಗಿರುತ್ತಿದ್ದರು, ಅಪ್ಪ ಒಬ್ಬರೇ ಕಣ್ಣು ತೆರೆದುಕೊಂಡು ನನ್ನ ದಾರಿ ಕಾಯುತ್ತಿದ್ದರು. ಅವರನ್ನು ಮಗ್ಗುಲು ಹೊರಳಿಸಿ, ಹುಣ್ಣಾಗದ ಹಾಗೆ ಬೆನ್ನಿಗೆ ಪೌಡರ್ ಹಚ್ಚಿ, ಅವತ್ತು ಯಾವ ಮಶೀನು ಕೆಟ್ಟಿತು, ಯಾರು ರಜೆ ಹಾಕಿದರು ಎಂದು ಹೇಳುತ್ತಿದ್ದೆ. ಅವರು ಕೇಳುತ್ತಿದ್ದರು. ಮಧ್ಯೆ ಒಮ್ಮೊಮ್ಮೆ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಆ ರಾತ್ರಿಗಳಲ್ಲಿ ನನಗೆ ದುಃಖದ ಜೊತೆಗೆ ಒಂದು ಗೆಲುವೂ ಇತ್ತು. ಕೊನೆಗೂ ಅಪ್ಪ ನನ್ನ ಪಾಲಿಗೆ ಬಂದರು ಎಂದು.

ಯಾಕೆಂದರೆ ಮೊದಲು ಅವರು ನನ್ನ ಪಾಲಿನವರಾಗಿರಲಿಲ್ಲ. ನಾವು ಚಿಕ್ಕವರಿದ್ದಾಗ ಪ್ರತಿ ರವಿವಾರ ಅವರು ಅಬಿಡ್ಸಿಗೆ ಹೋಗುತ್ತಿದ್ದರು. ಅಂಗಡಿಗಳು ಮುಚ್ಚಿದ ರಸ್ತೆಯ ಪಕ್ಕದಲ್ಲಿ ಹಳೆಯ ಪುಸ್ತಕಗಳನ್ನು ಹರಡಿ ಮಾರುತ್ತಾರಲ್ಲ, ಅಲ್ಲಿಗೆ. ಸ್ಕೂಟರಿನ ಮುಂದೆ ನನ್ನ ತಂಗಿ ನಿಲ್ಲುತ್ತಿದ್ದಳು, ಹ್ಯಾಂಡಲ್ ಹಿಡಿದುಕೊಂಡು ರಾಣಿಯ ಹಾಗೆ. ನನಗೆ ಸೀಮೆಎಣ್ಣೆಯ ಡಬ್ಬಿ ಕೊಟ್ಟು ರೇಷನ್ ಅಂಗಡಿಯ ಸಾಲಿಗೆ ಕಳಿಸುತ್ತಿದ್ದರು. "ನೀ ದೊಡ್ಡಾಂವ" ಎನ್ನುತ್ತಿದ್ದರು. ಅವಳಿಗಿಂತ ನಾನು ದೊಡ್ಡವನಾಗಿದ್ದದ್ದು ಎರಡೇ ವರ್ಷ.

ಒಂದು ಸಲ ಅವಳಿಗೆ ಮಂಗನಬಾವು ಬಂತು. ಗದ್ದ ಊದಿಕೊಂಡು ಮಲಗಿದ್ದಳು. ಆ ರವಿವಾರ ಅಪ್ಪ ನನ್ನನ್ನು ಕರೆದುಕೊಂಡು ಹೋದರು. ನಾನು ಹಿಂದೆ ಕುಳಿತು ಅವರ ಹೊಟ್ಟೆಯನ್ನು ಅವುಚಿ ಹಿಡಿದಿದ್ದೆ. ಅಂಗಿಯಿಂದ ಇಸ್ತ್ರಿಯ ವಾಸನೆ ಬರುತ್ತಿತ್ತು. ಅಲ್ಲಿ ಹಡಗುಗಳ ಚಿತ್ರವಿದ್ದ ಒಂದು ದಪ್ಪ ಪುಸ್ತಕ ಕಂಡಿತು. ನಾನು ಬಾಯಿಬಿಟ್ಟು ಕೇಳಲಿಲ್ಲ, ಅದರ ಮುಂದೆ ಕೂತುಬಿಟ್ಟೆ. ಅಪ್ಪ ಮಾರುವವನ ಜೊತೆ ಉರ್ದುವಿನಲ್ಲಿ ಚೌಕಾಸಿ ಮಾಡಿ ಒಂದು ಪುಸ್ತಕ ತೆಗೆದುಕೊಂಡರು. ಹಕ್ಕಿಗಳ ಚಿತ್ರದ್ದು. "ಪಾಪ, ಮಲಕೊಂಡಾಳ, ನೋಡ್ಕೋತ ಇರತಾಳ," ಎಂದರು. ನನಗೆ ಎರಡು ಬಿಸ್ಕೀಟು ಕೊಡಿಸಿದರು. ಅಷ್ಟಾದರೂ ಆ ರಾತ್ರಿ ನಾನು ದೇವರಿಗೆ ಕೈಮುಗಿದು ಬೇಡಿಕೊಂಡದ್ದು, ತಂಗಿಯ ಬಾವು ಇನ್ನೊಂದು ವಾರ ಇಳಿಯದಿರಲಿ ಎಂದೇ. ಗುರುವಾರದ ಹೊತ್ತಿಗೆ ಅದು ಇಳಿದುಹೋಯಿತು.

ಈಗ ಅವಳ ಕನಸಿನಲ್ಲಿ ಅದೇ ಅಬಿಡ್ಸು, ಅದೇ ಸ್ಕೂಟರು. ನನಗೆ ಹೇಗಾಗಿರಬೇಡ!

ನಮ್ಮ ಬೀದಿಯ ಮೂಲೆಯಲ್ಲಿ ಇಸ್ತ್ರಿ ಮಾಡುವ ಒಬ್ಬ ಮುದುಕನಿದ್ದಾನೆ. ಅಪ್ಪ ನಡೆದಾಡುತ್ತಿದ್ದ ಕಾಲದಲ್ಲಿ ದಿನವೂ ಅವನ ಬಂಡಿಯ ಹತ್ತಿರ ನಿಂತು ಹರಟೆ ಹೊಡೆಯುತ್ತಿದ್ದರು. ಒಂದು ದಿನ ನನ್ನನ್ನು ತಡೆದು ಅವನೂ ಅಂದ: "ಕಲ್ ರಾತ್ ಬಡೇ ಸಾಬ್ ಖ್ವಾಬ್ ಮೇ ಆಯೇ ಥೇ." ಇವನ ಕನಸಿಗೂ ಬಂದಿದ್ದರು!

"ಕ್ಯಾ ಬೋಲೇ?" ಎಂದೆ, ಏನಂದರು ಎಂದು. ನನ್ನ ದನಿ ಗಡುಸಾಗಿತ್ತು.

"ಕಡಕ್ ಇಸ್ತ್ರಿ ಮಾರೋ ಬೋಲೇ." ಗರಿಗರಿಯಾಗಿ ಇಸ್ತ್ರಿ ಮಾಡು ಅಂದರಂತೆ. ನಕ್ಕು, ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ.

ಆವತ್ತಿನಿಂದ ಒಂದು ವಾರ ನಾನು ಬಟ್ಟೆಗಳನ್ನು ಬೇರೆ ಬೀದಿಯಲ್ಲಿ ಇಸ್ತ್ರಿಗೆ ಕೊಟ್ಟೆ. ಐವತ್ತೆರಡು ವರ್ಷದ ಮನುಷ್ಯ ನಾನು, ಕಾರ್ಖಾನೆಯಲ್ಲಿ ಮೂವತ್ತು ಜನಕ್ಕೆ ಬುದ್ಧಿ ಹೇಳುವವನು.

ಕನಸು ಬೀಳಲಿ ಎಂದು ಮಾಡದ ಉಪಾಯವಿಲ್ಲ. ಅಪ್ಪನ ಮಂಚದ ಮೇಲೆ ಮಲಗಿದೆ. ಅವರ ದಿಂಬು ಇಟ್ಟುಕೊಂಡೆ. ಅವರ ಕಂದು ಸ್ವೆಟರ್ ಹಾಕಿಕೊಂಡು ಮೇ ತಿಂಗಳಲ್ಲಿ ಬೆವತೆ. ಮಲಗುವ ಮುಂಚೆ ಫೋಟೋ ನೋಡಿದರೆ ಬರುತ್ತಾರೆ ಎಂದು ಕಾರ್ಖಾನೆಯಲ್ಲಿ ಒಬ್ಬ ಹೇಳಿದ. ಅದನ್ನೂ ಮಾಡಿದೆ. ಆ ರಾತ್ರಿ ನನ್ನ ಕನಸಿಗೆ ಬಂದದ್ದು ಬಾಟಲಿಯ ಮುಚ್ಚಳಗಳು, ಸಾಲಾಗಿ, ಬಿಳಿಯವು. ನಿಜ ಹೇಳಬೇಕೆಂದರೆ ನಿದ್ದೆಯೇ ಸರಿಯಾಗಿರಲಿಲ್ಲ. ಎರಡೂವರೆ ವರ್ಷ ಅಪ್ಪ ಕೆಮ್ಮಿದರೆ ಸಾಕು ಎದ್ದು ಕೂತು ಅಭ್ಯಾಸವಾದ ಮೈ, ಇನ್ನೂ ಯಾವುದಾದರೂ ಸಪ್ಪಳಕ್ಕೆ ತಟ್ಟನೆ ಎಚ್ಚರವಾಗುತ್ತಿತ್ತು. ಎದ್ದು ಅಪ್ಪ ಮಲಗುತ್ತಿದ್ದ ಮೂಲೆಯತ್ತ ನೋಡುತ್ತಿದ್ದೆ. ಬೆಳಗಾಗುವವರೆಗೆ ಹಳೆಯದೆಲ್ಲ ತಲೆಯಲ್ಲಿ ಸುತ್ತುತ್ತಿತ್ತು.

ಆರನೆಯ ತಿಂಗಳ ಮಾಸಿಕದ ದಿನ ತಂಗಿ, ಅವಳ ಗಂಡ ಬಂದಿದ್ದರು. ಎಡೆ ಇಟ್ಟು, ಊಟ ಮುಗಿಸಿ, ಎಲ್ಲರೂ ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಕುಳಿತೆವು. ಮಾತು ಕನಸಿಗೇ ಬಂತು. ತಂಗಿ ಹೊಸದೊಂದು ಕನಸು ಹೇಳಿದಳು. ಅಪ್ಪ ಅವಳ ಅಡುಗೆಮನೆಗೆ ಬಂದು ಮೆಣಸಿನಕಾಯಿ ಬಜಿ ಬೇಡಿದರಂತೆ, ಬಿಸಿಬಿಸಿ ತಿಂದು ನಾಲಿಗೆ ಸುಟ್ಟುಕೊಂಡರಂತೆ. ಎಲ್ಲರೂ ನಕ್ಕರು. ಅವ್ವ, "ನನಗೂ ಮತ್ತ ಬಂದಿದ್ರು, ಆದರ ಮಾತಾಡವಲ್ರು," ಎಂದಳು. ಆಗ ನನ್ನ ಹೆಂಡತಿ ಮೆಲ್ಲಗೆ, "ನನಗೂ ಒಮ್ಮೆ ಬಂದಿದ್ರು ಮಾವನೋರು," ಎಂದಳು.

ನಾನು ಅವಳತ್ತ ತಿರುಗಿದೆ. "ನನಗ ಹೇಳಲೇ ಇಲ್ಲ?"

"ನಿಮಗ ಬ್ಯಾಸರ ಆಗಬಾರದು ಅಂತ ಹೇಳಲಿಲ್ಲ ರೀ."

ನನ್ನ ಹೊಟ್ಟೆಕಿಚ್ಚು ಅವಳಿಗೆ ಗೊತ್ತಿತ್ತು! ಏನು ಹೇಳುತ್ತಿದ್ದೇನೆಂದು ತಿಳಿಯುವ ಮೊದಲೇ ಬಾಯಿಂದ ಬಂದುಬಿಟ್ಟಿತು:

"ನನಗೂ ಬಂದಿದ್ರು. ಮೊನ್ನಿ ರಾತ್ರಿ."

ಎಲ್ಲರೂ ನನ್ನ ಕಡೆ ನೋಡಿದರು. ಅವ್ವ ಸರಿದು ಹತ್ತಿರ ಬಂದಳು. "ಏನಂದ್ರು?"

"ನನ್ನ ಹಾಸಿಗಿ ಮ್ಯಾಲೆ ಕುಂತ್ರು. ತಲಿ ಮ್ಯಾಲೆ ಕೈ ಇಟ್ರು. 'ನೀ ನನ್ನ ಸಲುವಾಗಿ ಭಾಳ ಮಾಡಿದಿ ತಮ್ಮಾ' ಅಂದ್ರು." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "'ಮತ್ಯಾರೂ ಮಾಡಲಿಲ್ಲ' ಅಂದ್ರು."

ತಂಗಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು: "ನನ್ನ ಬಗ್ಗೆ ಏನರೆ ಕೇಳಿದ್ರಾ ಅಣ್ಣಾ?"

ಹೌದು ಎನ್ನಲು ನನಗೆ ಏನೂ ಖರ್ಚಿರಲಿಲ್ಲ. "ಇಲ್ಲ," ಎಂದೆ.

ಸಂಜೆ ನಾಲ್ಕಕ್ಕೇ ಅವರು ಹೊರಟುಬಿಟ್ಟರು. ಟ್ರಾಫಿಕ್ ಎಂದು ತಂಗಿ ಹೇಳಿದಳು. ಬುತ್ತಿ ಕಟ್ಟಿಟ್ಟಿದ್ದನ್ನೂ ಒಯ್ಯಲಿಲ್ಲ.

ಆ ರಾತ್ರಿ ನಾನು ಮಲಗಿರುವಾಗ ಅವ್ವ ಬಂದು ಮಂಚದ ತುದಿಯಲ್ಲಿ ಕುಳಿತಳು. ದೀಪ ಹಾಕಲಿಲ್ಲ.

"ತಮ್ಮಾ, ಅವರು ಹಂಗಂದ್ರ ಅದು ನನಗ ಅಂದಂಗ ಆತಲ್ಲಾ."

ಹಗಲಿಡೀ ಅಪ್ಪನಿಗೆ ಉಣಿಸಿ, ಒರೆಸಿ, ಬಟ್ಟೆ ಬದಲಿಸಿದವಳು ಇವಳು. ತಂಗಿಗೆ ಎಸೆದ ಕಲ್ಲು ಇವಳಿಗೂ ತಾಗಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ.

"ಇಲ್ಲವ್ವಾ, ನಿನಗಲ್ಲ..."

"ನನಗ ಗೊತ್ತೈತಿ ಬಿಡು. ಒಂದಿನ ಅವರು ಗಂಜಿ ನನ್ನ ಮೈಮ್ಯಾಲೆ ಉಗುಳಿದಾಗ, ನನಗೂ ಸಾಕಾಗೇತಿ, ದೇವರು ಯಾಕ ಕಣ್ಣ ತೆರೀವಲ್ಲ ಅಂತ ಒದರಿದ್ದೆ. ಕೇಳಿಸ್ಕೊಂಡ್ರು. ನನ್ನನ್ನ ನೋಡಿದ್ರು. ಅದಕ್ಕ ನನ್ನ ಕೂಡ ಮಾತಾಡವಲ್ರು." ಕತ್ತಲಲ್ಲಿ ನನ್ನ ಕೈ ಹುಡುಕಿ ಹಿಡಿದಳು. "ನಿನ್ನ ಕೂಡ ಮಾತಾಡ್ತಾರಲ್ಲಾ, ಮತ್ತ ಬಂದ್ರ ಕೇಳು. ನನ್ನ ಮ್ಯಾಲೆ ಸಿಟ್ಟೈತೇನು ಅಂತ ಕೇಳು."

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ದಿನ ಬೆಳಗಾದರೆ ಅವಳು ಚಹಾ ತಂದು, "ಬಂದಿದ್ರೇನು?" ಎಂದು ಕಣ್ಣಿನಲ್ಲೇ ಕೇಳುತ್ತಿದ್ದಳು. ನಾನು ಇಲ್ಲವೆಂದು ತಲೆ ಆಡಿಸುತ್ತಿದ್ದೆ. ಐದನೆಯ ದಿನ ನನ್ನಿಂದ ತಡೆಯಲಾಗಲಿಲ್ಲ.

"ಬಂದಿದ್ರು. ಕೇಳಿದೆ."

ಅವಳು ಬಾಗಿಲಿನ ಚೌಕಟ್ಟು ಹಿಡಿದು ನಿಂತಳು.

"'ಆಕಿ ಮ್ಯಾಲೆ ಯಾತರ ಸಿಟ್ಟು? ಆಕಿ ಇಲ್ಲದಿದ್ರ ನಾ ಎರಡು ದಿನ ಉಳೀತಿದ್ದಿಲ್ಲ' ಅಂದ್ರು."

ಅವ್ವ ಅತ್ತಳು. ಸೆರಗು ಬಾಯಿಗೆ ಒತ್ತಿಕೊಂಡು ತುಂಬ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು, ಎಷ್ಟೋ ತಿಂಗಳ ನಂತರ ಕನ್ನಡಿಯ ಮುಂದೆ ಕುಳಿತು ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡಳು. ಇದು ಒಳ್ಳೆಯ ಸುಳ್ಳು ಎಂದು ನನಗೆ ನಾನೇ ಹೇಳಿಕೊಂಡೆ.

ಎರಡು ದಿನ ಕಳೆಯಿತು. ಮೂರನೆಯ ಬೆಳಿಗ್ಗೆ ಅವಳು ನನ್ನನ್ನು ಎಬ್ಬಿಸಿದ ರೀತಿಯೇ ಬೇರೆ ಇತ್ತು. ಸಣ್ಣ ಹುಡುಗಿಯ ಹಾಗೆ ಭುಜ ಅಲುಗಾಡಿಸಿದಳು.

"ಮಾತಾಡಿದ್ರು ತಮ್ಮಾ! ನನ್ನ ಕೂಡ ಮಾತಾಡಿದ್ರು! ಒಳಗ ಬಂದು ಖುರ್ಚಿ ಮ್ಯಾಲೆ ಕುಂತು, 'ಚಹಾ ಮಾಡು, ಶುಂಠಿ ಜರಾ ಜಾಸ್ತಿ ಹಾಕು' ಅಂದ್ರು."

ನಾನು ಎದ್ದು ಕುಳಿತು ಅವಳನ್ನು ನೋಡಿದೆ. ಅವಳ ಸಂತೋಷ ಕಂಡು ನನಗೂ ಸಂತೋಷವಾಯಿತು ಎಂದು ಬರೆದರೆ ಅದು ಮೂರನೆಯ ಸುಳ್ಳಾಗುತ್ತದೆ. ಬಾಯಿ ಕಹಿಯಾಯಿತು. ಅಪ್ಪನ ಬಾಯಿಗೆ ಮಾತು ಇಟ್ಟವನು ನಾನು. ಆ ಮಾತಿನಿಂದ ಬಾಗಿಲು ದಾಟಿ ಒಳಗೆ ಬಂದ ಅಪ್ಪ ಹೋಗಿ ಕುಳಿತದ್ದು ಅವಳ ಕನಸಿನಲ್ಲಿ. ಶುಂಠಿ ಎಂದೂ ಅಂದರಂತೆ! ಮಾತಿದ್ದ ಕಾಲದಲ್ಲಿ ಅವರು ದಿನವೂ ಹಾಗೇ ಕೇಳುತ್ತಿದ್ದರು, ನನಗೆ ಅದು ಹೊಳೆದೇ ಇರಲಿಲ್ಲ. ಆ ಮಾತು ಮಾತ್ರ ನಿಜವಾಗಿಯೂ ಅಪ್ಪನದೇ.

ತಂಗಿಯ ಫೋನ್ ಮಾತ್ರ ನಿಂತುಹೋಗಿತ್ತು. ನಾನು ಮಾಡಿದರೆ "ಕೆಲಸದಾಗಿದ್ದೀನಿ ಅಣ್ಣಾ" ಎಂದು ಇಡುತ್ತಿದ್ದಳು. ಅವ್ವನ ಹತ್ತಿರವೂ ಎರಡೇ ಮಾತು. ಹೀಗೇ ಮೂರು ವಾರವಾಯಿತು. ನನ್ನ ವಾರದ ರಜೆಯ ದಿನ ಮನೆಯಲ್ಲಿ ಹೇಳದೆ ಗಚ್ಚಿಬೌಲಿಯ ಬಸ್ಸು ಹತ್ತಿದೆ. ಎರಡು ತಾಸು ಬೇಕಾಯಿತು. ಅವರ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿನವನು ನನ್ನ ಬೆವರಿದ ಅಂಗಿ ನೋಡಿ, "ಎವರಿಂಟಿಕಿ ಸಾರ್?" ಎಂದು ಕೇಳಿದ.

"ಮಾ ಚೆಲ್ಲೆಲಿ ಇಂಟಿಕಿ," ಎಂದೆ. ನನ್ನ ತಂಗಿಯ ಮನೆಗೆ. ಅವನು ಮೇಲೆ ಫೋನ್ ಮಾಡಿ ಕೇಳಿ, ಒಳಗೆ ಬಿಡಲು ಸ್ವಲ್ಪ ಹೊತ್ತು ತಗೊಂಡ. ಅವಳು ಬೇಡ ಎಂದರೆ ಏನು ಮಾಡಲಿ ಎಂದು ಅಷ್ಟು ಹೊತ್ತೂ ಅಂದುಕೊಳ್ಳುತ್ತಿದ್ದೆ.

ಬಾಗಿಲು ತೆರೆದಾಗ ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನೀರು ಕೊಟ್ಟಳು. ಕುಡಿದೆ. ಲೋಟ ಕೆಳಗಿಡುತ್ತಲೇ ಹೇಳಿದೆ:

"ಅಪ್ಪ ನನ್ನ ಕನಸಿನಾಗ ಬಂದಿಲ್ಲ. ಒಂದು ದಿನಾನೂ ಬಂದಿಲ್ಲ. ಆವತ್ತ ಹೇಳಿದ್ದು ಸುಳ್ಳು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮಡಚುತ್ತಿದ್ದ ಟವೆಲಿನಿಂದ ನನ್ನ ತೋಳಿಗೆ ಹೊಡೆದಳು. ಒಮ್ಮೆ ಅಲ್ಲ, ನಾಲ್ಕೈದು ಸಲ.

"ಸುಳ್ಳಾ? ಮೂರು ವಾರ ಆತು ಅಣ್ಣಾ ನನಗ ನಿದ್ದಿ ಇಲ್ಲ. ಕಣ್ಣ ಮುಚ್ಚಿದ್ರ 'ಮತ್ಯಾರೂ ಮಾಡಲಿಲ್ಲ' ಅಂಬೋದ ಕೇಳಸ್ತೈತಿ. ಅಪ್ಪ ಬರೋದ ನಿಂತಬಿಟ್ಟೈತಿ." ಟವೆಲನ್ನು ಸೋಫಾದ ಮೇಲೆ ಎಸೆದಳು. "ನಿನಗ ಎರಡೂವರಿ ವರ್ಷ ಸಿಕ್ಕಿದ್ರು. ನಾ ಆದಿತ್ಯವಾರಕ್ಕೊಮ್ಮೆ ಬಂದು ಎರಡು ತಾಸು ಕುಂತು ಹೋಗ್ತಿದ್ದೆ, ಒಂದು ಮಾತು ತಿಳೀತಿದ್ದಿಲ್ಲ. ನನ್ನ ಪಾಲಿಗೆ ಕನಸೊಂದ ಇತ್ತು. ಅದನ್ನೂ ಬಿಡಲಿಲ್ಲ ನೀ."

ಇಷ್ಟು ವರ್ಷ ಅವಳ ಹತ್ತಿರ ಇದ್ದದ್ದನ್ನು ನಾನು ಲೆಕ್ಕ ಹಾಕುತ್ತ ಕುಳಿತಿದ್ದೆ. ಅವಳೂ ನನ್ನ ಹತ್ತಿರ ಇರುವುದನ್ನು ನೋಡಿ ಹೀಗೇ ಸುಟ್ಟುಕೊಂಡಿರಬಹುದೆಂದು ನನಗೆ ಹೊಳೆದಿರಲಿಲ್ಲ.

ತುಸು ಹೊತ್ತಿನ ಮೇಲೆ ಅವಳೇ ಕೇಳಿದಳು: "ನಾ ಬಂದು ಹೋದ ಮ್ಯಾಲೆ ಏನರೆ ಮಾಡ್ತಿದ್ರಾ? ಖರೆ ಹೇಳು. ಈ ಸಲ ಖರೆ."

ಇಲ್ಲಿ ನಾನು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದ ಒಂದು ಸಂಗತಿ ಇತ್ತು. ಅಪ್ಪ ವಾರವಿಡೀ ಗಡ್ಡ ಮಾಡಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಬ್ಲೇಡು ತಂದರೆ ಮುಖ ತಿರುಗಿಸಿ "ಸಾಕು" ಎನ್ನುತ್ತಿದ್ದರು. ಆದಿತ್ಯವಾರ ಬೆಳಿಗ್ಗೆ ಮಾತ್ರ ತಾವಾಗಿಯೇ ಎಡಗೈಯಿಂದ ಗದ್ದ ಸವರಿ ತೋರಿಸುತ್ತಿದ್ದರು. ನಾನು ನೊರೆ ಹಚ್ಚಿ ಗಡ್ಡ ಬೋಳಿಸುತ್ತಿದ್ದೆ. ಆಮೇಲೆ ಇಸ್ತ್ರಿಯ ಅಂಗಿಯತ್ತ ಬೆರಳು. ಅದನ್ನು ತೊಡಿಸಿ ದಿಂಬಿಗೆ ಒರಗಿಸಿದರೆ, ಅವಳ ಆಟೋ ಬರುವವರೆಗೆ ಬಾಗಿಲ ಕಡೆಗೇ ಕಣ್ಣು. ಅವಳು ಹೋದ ಮೇಲೆ ಆ ಅಂಗಿಯನ್ನು ಬಿಚ್ಚಲು ರಾತ್ರಿಯವರೆಗೆ ಬಿಡುತ್ತಿರಲಿಲ್ಲ. ಆ ಗದ್ದಕ್ಕೆ ಬ್ಲೇಡು ಆಡಿಸುವಾಗ ಎಷ್ಟೋ ಸಲ ನನ್ನ ಕೈ ಒರಟಾಗಿದೆ. ಎರಡು ಸಲ ಗಾಯವೂ ಆಗಿತ್ತು.

ಎಲ್ಲವನ್ನೂ ಹೇಳಿದೆ, ಗಾಯದ ವಿಷಯವನ್ನೂ. ಅವಳು ನೆಲದ ಮೇಲೆ ಕುಳಿತು, ನನ್ನ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು. ನಾನೂ ಅತ್ತೆ. ಅಪ್ಪ ಹೋದ ದಿನ ಹೆಗಲು ಕೊಡುವಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಸಂಜೆ ಬಸ್ಸಿಗೆ ಬಿಡಲು ಬಂದಾಗ ಅವ್ವನ ಕತೆಯನ್ನೂ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಅವ್ವಗ ಮಾತ್ರ ಹೇಳಬ್ಯಾಡ. ಹಂಗ ಇರ್ಲಿ," ಎಂದಳು. ನಾನು ಹೇಳಿಲ್ಲ.

ಹತ್ತು ದಿನದ ಮೇಲೆ ನಾನು ಕಾರ್ಖಾನೆಯಲ್ಲಿದ್ದಾಗ ಅವಳ ಫೋನ್ ಬಂತು. ಮಶೀನಿನ ಗದ್ದಲದಲ್ಲಿ ಕೇಳಿಸದೆ ಹೊರಗೆ ಓಡಿದೆ.

"ಅಣ್ಣಾ, ಬಂದಿದ್ರು," ಎಂದು ಅಳುಕುತ್ತ ಹೇಳಿದಳು. "ಹೇಳಲೋ ಬ್ಯಾಡೋ ಅಂತ ಮುಂಜಾನಿಂದ ಇಚಾರ ಮಾಡಾಕತ್ತಿದ್ದೆ."

"ಹೇಳು. ಯಾವ ಅಂಗಿ?"

"ನೀ ಹೇಳಿದಂಥದ್ದ. ಇಸ್ತ್ರಿದು. ಗಡ್ಡ ಮಾಡಿದ್ರು."

ಅದು ಎದೆಗೆ ನಾಟಿತು. ಸುಳ್ಳೇಕೆ. ನಾನು ಬೋಳಿಸಿದ ಗದ್ದ, ನಾನು ತೊಡಿಸಿದ ಅಂಗಿ. ಆದರೂ ಕೊನೆಯವರೆಗೆ ಕೇಳಿದೆ, ಮಧ್ಯೆ ಒಂದೆರಡು ಪ್ರಶ್ನೆ ಕೂಡ ಕೇಳಿದೆ. ಒಳಗೆ ಹೋಗಿ ಕೆಲಸದವರ ಮೇಲೆ ಕಾರಣವಿಲ್ಲದೆ ಕೂಗಾಡಿದೆ.

ಈಗ ರಾತ್ರಿ ಒಂದೂವರೆ. ಹೆಂಡತಿ ಮಲಗಿದ್ದಾಳೆ. ವರ್ಷದ ಕಾರ್ಯ ಮುಗಿದು ಎರಡು ತಿಂಗಳಾಯಿತು, ಅಪ್ಪ ನನಗೆ ಒಂದು ಸಲವೂ ಕಂಡಿಲ್ಲ. ಇದನ್ನು ಬರೆಯುತ್ತಿರುವಾಗಲೇ ಪಕ್ಕದ ಕೋಣೆಯಲ್ಲಿ ಅವ್ವನ ದನಿ ಕೇಳಿತು. ಕರೆದಳೇನೋ ಎಂದು ಎದ್ದು ಹೋದೆ. ಕರೆದಿರಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದ್ದಳು, ನಿದ್ದೆಯಲ್ಲೇ ಏನೋ ಗುನುಗಿ, ಸಣ್ಣಗೆ ನಕ್ಕಳು. ಆಮೇಲೆ ಸ್ಪಷ್ಟವಾಗಿ, "ಹೂಂ ರೀ, ಬಂದೆ," ಎಂದಳು.

ನಾನು ಕತ್ತಲಲ್ಲಿ ಬಾಗಿಲ ಬಳಿಯೇ ನಿಂತೆ. ಅವಳನ್ನು ಎಬ್ಬಿಸಿ, ಏನಂದರು, ನನ್ನನ್ನು ಕೇಳಿದರೇ ಎಂದು ಕೇಳಬೇಕೆನ್ನಿಸಿತು. ಕೈ ಮುಂದೆ ಚಾಚಿದ್ದೆ ಕೂಡ. ಮತ್ತೇನಾದರೂ ಅನ್ನುತ್ತಾಳೋ ಎಂದು ಬಹಳ ಹೊತ್ತು ಕಾದೆ. ಅವಳು ಅನ್ನಲಿಲ್ಲ. ಜಾರಿದ್ದ ಹೊದಿಕೆಯನ್ನು ಅವಳ ಕಾಲಿನ ಮೇಲೆ ಎಳೆದು, ಸಪ್ಪಳವಾಗದ ಹಾಗೆ ಈಚೆ ಬಂದೆ.